ಪೈಲ್ವಾನ್ರ ಸೊನ್ನೆ

ನಾನು ಲ್ಯಾಬಿನವಳು. ಮಕ್ಕಳಾಗದವರ ಆಸ್ಪತ್ರೆಯಲ್ಲಿ ಹತ್ತೊಂಬತ್ತು ವರ್ಷದಿಂದ ಗಂಡಸರ ವೀರ್ಯಾಣು ಎಣಿಸೋದೇ ನನ್ನ ಕೆಲಸ. ನಗಬೇಡಿ, ಯಾರಾದರೂ ಎಣಿಸಬೇಕಲ್ಲ!

ಇವರ ಹೆಸರು ಹೇಳಲ್ಲ. ಬೀದಿ ಕೊನೆಯ ಜಿಮ್ಮಿನ ಮೇಷ್ಟ್ರು, ಎಲ್ಲರೂ ಪೈಲ್ವಾನ್ರು ಅಂತಾರೆ. ಕುಸ್ತಿಯ ಗಂಧಗಾಳಿ ಇಲ್ಲ, ಮೈಕಟ್ಟಿಗೆ ಬಂದ ಹೆಸರು. ತೋಳು ನನ್ನ ತೊಡೆಯಷ್ಟು ದಪ್ಪ. 'ಬರೀ ಬೆವರು, ಬರೀ ಶ್ರಮ' ಅಂತ ಜಿಮ್ಮಿನ ಬಾಗಿಲಲ್ಲೇ ಬರೆಸಿದ್ದರು. ಹೆಂಡತಿಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ, ಮಾತು ಕಮ್ಮಿ. ಮದುವೆಯಾಗಿ ಆರು ವರ್ಷ, ಮಕ್ಕಳಿಲ್ಲ. ಆರು ವರ್ಷವೂ ಪರೀಕ್ಷೆ ನಡೆದದ್ದು ಅವಳಿಗೇ: ರಕ್ತ, ಸ್ಕ್ಯಾನು, ಹೊಟ್ಟೆಗೆ ತೂತು ಮಾಡಿ ಕ್ಯಾಮೆರಾ. ಎಲ್ಲ ಸರಿಯಿದ್ದರೂ ಅತ್ತೆ ಮಾತ್ರ ಬಂದವರ ಮುಂದೆಲ್ಲ "ಅವಳಲ್ಲೇ ಏನೋ ಐಬಿದೆ" ಅಂತ ಸಾರುತ್ತಿದ್ದರು.

ಕೊನೆಗೆ ಡಾಕ್ಟರಮ್ಮ ಪಟ್ಟು ಹಿಡಿದದ್ದಕ್ಕೆ ಪೈಲ್ವಾನ್ರು ಬಂದರು. ಡಬ್ಬಿ ಕೊಟ್ಟೆ.

"ನನಗ್ಯಾಕ್ರೀ ಇದು? ನೋಡಿದ್ರೆ ಗೊತ್ತಾಗಲ್ವಾ?" ಅಂದರು ಎದೆಯುಬ್ಬಿಸಿ.

"ನೋಡಿದ್ರೆ ಗೊತ್ತಾಗೋ ಹಾಗಿದ್ರೆ ನನಗೆ ಮೈಕ್ರೋಸ್ಕೋಪ್ ಯಾಕೆ ಕೊಡ್ತಿದ್ರು ಸಾರ್? ಆ ರೂಮಿಗೆ ಹೋಗಿ, ಚಿಲಕ ಹಾಕ್ಕೊಳ್ಳಿ," ಅಂದೆ.

ಸ್ಲೈಡಿನಲ್ಲಿ ಒಂದೂ ಇಲ್ಲ. ಆದರೆ ಸೊನ್ನೆ ಕಂಡ ತಕ್ಷಣ ಸೊನ್ನೆ ಅಂತ ಬರೆಯೋ ಹಾಗಿಲ್ಲ ನಮ್ಮಲ್ಲಿ. ಟ್ಯೂಬನ್ನು ಮೆಷಿನ್ನಿಗೆ ಹಾಕಿ ಗಿರಗಿರ ತಿರುಗಿಸಿ, ತಳದಲ್ಲಿ ಕೂತದ್ದನ್ನು ಮತ್ತೆ ನೋಡಬೇಕು. ಮೂಲೆಮೂಲೆ ಜಾಲಾಡಿದೆ. ಇಲ್ಲ. ಮೂರು ವಾರ ಬಿಟ್ಟು ಇನ್ನೊಂದು ಸಲ ಕೊಡಬೇಕು ಅಂದಾಗ ಅವರ ಮುಖ ಹುಳ್ಳಗಾಯಿತು.

ಎರಡನೇ ಸಲವೂ ಸೊನ್ನೆ. ಅದರ ಜೊತೆ ಅವರ ರಕ್ತದ ಹಾರ್ಮೋನ್ ವರದಿ ಹಿಡಿದು ಡಾಕ್ಟರಮ್ಮನ ಕೋಣೆಗೆ ಹೋದೆ. ಗಂಡ ಹೆಂಡತಿ ಇಬ್ಬರೂ ಅಲ್ಲೇ ಕೂತಿದ್ದರು. ಡಾಕ್ಟರಮ್ಮ ವರದಿ ನೋಡಿ ನೇರವಾಗಿ ಕೇಳಿದರು: "ಯಾವ ಇಂಜೆಕ್ಷನ್ ತಗೋತಿದ್ದೀರಿ?"

ಪೈಲ್ವಾನ್ರು ಹೆಂಡತಿ ಕಡೆ ನೋಡಿದರು, ನೆಲ ನೋಡಿದರು, ಆಮೇಲೆ ಬಾಯಿಬಿಟ್ಟರು. ಮೈ ತುಂಬಿಕೊಳ್ಳಲಿ ಅಂತ ಏಳು ವರ್ಷದಿಂದ ವಾರಕ್ಕೊಂದು ಗಂಡು ಹಾರ್ಮೋನಿನ ಸೂಜಿ. ನನ್ನ ಮೊದಲ ವರದಿ ಬಂದ ಮೇಲೆ ವಾರಕ್ಕೆರಡು!

"ಗಂಡಸ್ತನ ಸಾಲ್ದೇನೋ ಅಂತ ಜಾಸ್ತಿ ಮಾಡ್ದೆ ಡಾಕ್ಟ್ರೇ."

ಅಯ್ಯೋ ದೇವರೇ! ನಗು ತಡೆಯೋಕೆ ತುಟಿ ಕಚ್ಚಿಕೊಂಡೆ.

ಡಾಕ್ಟರಮ್ಮ ನಗಲಿಲ್ಲ. "ವೃಷಣಕ್ಕೆ ಕೆಲಸ ಮಾಡು ಅಂತ ಹೇಳಿಕಳಿಸೋದು ಮೆದುಳು. ಹೊರಗಿಂದ ಹಾರ್ಮೋನು ಸುರಿದ್ರೆ, ಬೇಕಾದಷ್ಟಿದೆ ಅಂದ್ಕೊಂಡು ಅದು ಸುಮ್ಮನಾಗುತ್ತೆ. ಇಲ್ಲಿ ವೃಷಣ ಕೆಲಸ ನಿಲ್ಲಿಸಿ ಮಲಗುತ್ತೆ. ಕೆಲವರಿಗೆ ವೀರ್ಯಾಣು ಬರೋ ದಾರಿ ಕಟ್ಟಿಕೊಂಡಿರುತ್ತೆ, ಅವರಿಗೆ ಆಪರೇಷನ್. ನಿಮ್ಮದು ಹಾಗಲ್ಲ. ಆ ಸೂಜಿ ಇವತ್ತೇ ಬಿಡಿ, ಎಬ್ಬಿಸೋಕೆ ಬೇರೆ ಔಷಧಿ ಕೊಡ್ತೀನಿ. ಆರು ತಿಂಗಳೋ, ವರ್ಷವೋ. ಎದ್ದೇ ಏಳುತ್ತೆ ಅಂತ ಬರೆದುಕೊಡೋಕಾಗಲ್ಲ."

ಹೆಂಡತಿ ಎದ್ದು ನಿಂತಳು. "ನನ್ನ ಹೊಟ್ಟೆಗೆ ತೂತು ಹಾಕಿಸ್ದಾಗ ಮಂಚದ ಪಕ್ಕದಲ್ಲೇ ಕೂತಿದ್ರಿ. ಆಗ್ಲೂ ಹೇಳ್ಲಿಲ್ವಲ್ರೀ! ಮಗು ಆಮೇಲಿನ ಮಾತು. ಮೊದಲು ನಿಮ್ಮಮ್ಮನಿಗೆ ನಿಜ ಹೇಳಿ."

"ಹೇಳ್ತೀನಿ ಕಣೇ. ಒಂದಾದ್ರೂ ಕಾಣಲಿ, ಆಮೇಲೆ ಹೇಳ್ತೀನಿ."

ಮೂರು ತಿಂಗಳಿಗೆ ತೋಳು ಇಳಿಯಿತು, ಅಂಗಿ ಜೋತುಬಿತ್ತು. ಮೇಷ್ಟ್ರಿಗೇನೋ ಕಾಯಿಲೆ ಅಂತ ಜಿಮ್ಮಿನಲ್ಲಿ ಗುಸುಗುಸು. ನಾಲ್ಕನೇ ತಿಂಗಳು ಸೊನ್ನೆ. ಏಳನೇ ತಿಂಗಳೂ ಸೊನ್ನೆ. ಪಾಪ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ಆದರೆ ಜೊತೆಗೆ ಬರುತ್ತಿದ್ದ ಹೆಂಡತಿಯ ಮುಖ ನೋಡಿದರೆ ನನ್ನ ಕನಿಕರ ಅಲ್ಲೇ ಆರಿಹೋಗುತ್ತಿತ್ತು. ಅತ್ತೆಯ ಬಾಯಿ ಇನ್ನೂ ನಿಂತಿರಲಿಲ್ಲ.

ಹತ್ತನೇ ತಿಂಗಳು, ಟ್ಯೂಬಿನ ತಳದಿಂದ ತೆಗೆದ ಹನಿಯಲ್ಲಿ ಒಂದು ಬಾಲ ಅಲ್ಲಾಡಿತು. ಪಕ್ಕದಲ್ಲಿ ಇನ್ನೊಂದು. ಹನ್ನೊಂದು ಎಣಿಸಿದೆ. ಜೊತೆಯವಳನ್ನು ಕರೆದು ತೋರಿಸಿ ಖಾತ್ರಿ ಮಾಡಿಕೊಂಡೆ. ಅವಸರವಾದರೆ ಇಷ್ಟರಲ್ಲೇ ಒಂದೊಂದನ್ನು ಹಿಡಿದು ಲ್ಯಾಬಿನಲ್ಲಿ ಹೆಂಡತಿಯ ಅಂಡಾಣುವಿಗೆ ಸೇರಿಸಬಹುದು, ಕಾದರೆ ಇನ್ನೂ ಹೆಚ್ಚಬಹುದು ಅಂದರು ಡಾಕ್ಟರಮ್ಮ.

ಪೈಲ್ವಾನ್ರು ಕಾರಿಡಾರಿನಲ್ಲಿ ಗಳಗಳ ಅತ್ತರು. ಕಣ್ಣೊರೆಸಿಕೊಂಡು ಅಲ್ಲಿಂದಲೇ ಫೋನ್ ಮಾಡಿದರು.

"ಅಮ್ಮಾ, ಒಳ್ಳೇ ಸುದ್ದಿ. ಇವಳ ಚಿಕಿತ್ಸೆ ಫಲ ಕೊಟ್ಟಿದೆ. ಇನ್ನು ಭಯ ಇಲ್ಲ."

ನನ್ನ ಮೈಯೆಲ್ಲ ಉರಿದುಹೋಯಿತು. ಇವರಿಗೇನು ಬಂದಿತ್ತು ರೋಗ! ಆದರೆ ಲ್ಯಾಬಿನವಳು ಅಲ್ಲಿ ಬಾಯಿ ಹಾಕೋ ಹಾಗಿಲ್ಲ.

ಹೆಂಡತಿ ಕೂಗಾಡಲಿಲ್ಲ. ಗಂಡನ ಕೈಯಿಂದ ಫೋನ್ ತಗೊಂಡು ಸ್ಪೀಕರ್ ಒತ್ತಿದಳು. "ಅತ್ತೆ, ಚಿಕಿತ್ಸೆ ಆಗಿದ್ದು ನನಗಲ್ಲ. ನನಗೆ ಯಾವತ್ತೂ ಏನೂ ಆಗಿರ್ಲಿಲ್ಲ. ಮಿಕ್ಕಿದ್ದು ನಿಮ್ಮ ಮಗನೇ ಹೇಳ್ತಾರೆ."

ಫೋನನ್ನು ಅವರ ಬಾಯಿಯ ಹತ್ತಿರ ತಾನೇ ಹಿಡಿದುಕೊಂಡು ನಿಂತಳು. ಬೆಂಚಿನಲ್ಲಿ ಕೂತವರೆಲ್ಲ ತಲೆ ಎತ್ತಿದರು.

"ಏನೋ ಅದು? ಮಾತಾಡೋ," ಅಂತು ಫೋನು.

ಪೈಲ್ವಾನ್ರು ದನಿ ತಗ್ಗಿಸಿದರು. "ದೋಷ ಅವಳದಲ್ಲಮ್ಮಾ," ಅಂದರು. "ಮೊದಲಿಂದ್ಲೂ ನನ್ನದೇ."

"ಏನಂದೆ? ಗಟ್ಟಿಯಾಗಿ ಹೇಳೋ, ಕೇಳಿಸ್ತಿಲ್ಲ."

ಅವರು ಗಟ್ಟಿಯಾಗಿ ಹೇಳಿದರು.