ವೀರೇಶನಿಗೆ ಕಾಣದಿದ್ದ ಹಸಿರು ಜ್ವಾಲೆ

೧೯೯೬ರ ಜೂನ್‌ನಲ್ಲಿ ನಾನು ಸೊರಬ ತಾಲ್ಲೂಕಿನ ಒಂದು ಸರ್ಕಾರಿ ಪದವಿಪೂರ್ವ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಉಪನ್ಯಾಸಕಿಯಾಗಿದ್ದೆ. ಮನೆ ಶಿಕಾರಿಪುರದಲ್ಲಿ. ದಿನಾ ಬೆಳಿಗ್ಗೆ ಶಿರಾಳಕೊಪ್ಪದ ಮೇಲೆ ಆನವಟ್ಟಿಗೆ ಹೋಗುವ ಬಸ್ಸು ಹತ್ತುತ್ತಿದ್ದೆ, ಸಂಜೆ ಅದೇ ದಾರಿಯಲ್ಲಿ ವಾಪಸು. ಕಾಲೇಜಿನ ಹುಡುಗರಲ್ಲಿ ಹೆಚ್ಚಿನವರು ಸುತ್ತಲಿನ ಹಳ್ಳಿಗಳಿಂದ ಬರುತ್ತಿದ್ದ ರೈತರ ಮಕ್ಕಳು. ಹತ್ತನೇ ತರಗತಿಯವರೆಗೆ ಕನ್ನಡದಲ್ಲಿ ಓದಿ, ಪಿಯುಸಿಯಲ್ಲಿ ಇಂಗ್ಲಿಷ್ ಪುಸ್ತಕ ನೋಡಿ ಬೆವರುತ್ತಿದ್ದವರು.

ಆಗ ಸಿಇಟಿ, ಅಂದರೆ ಮೆಡಿಕಲ್ ಮತ್ತು ಎಂಜಿನಿಯರಿಂಗ್ ಸೀಟಿಗೆ ಸರ್ಕಾರ ನಡೆಸುವ ಪ್ರವೇಶ ಪರೀಕ್ಷೆ, ನಮ್ಮ ಕಡೆಗೆ ಇನ್ನೂ ಹೊಸದು. ಪಿಯುಸಿಯ ವಿಜ್ಞಾನ ವಿಷಯಗಳ ಅಂಕ ಅರ್ಧ, ಸಿಇಟಿ ಅಂಕ ಅರ್ಧ ಸೇರಿಸಿ ರ‍್ಯಾಂಕ್ ಕೊಡುತ್ತಿದ್ದರು. ದೊಡ್ಡ ಊರಿನ ಮಕ್ಕಳು ಕೋಚಿಂಗ್‌ಗೆ ಹೋಗಿ ಸಿಇಟಿಯಲ್ಲಿ ಮುಂದೆ ಬರುತ್ತಿದ್ದರು. ನಮ್ಮವರಿಗೆ ಉಳಿದ ದಾರಿ ಪಿಯುಸಿಯಲ್ಲಿ ಒಂದು ಅಂಕವನ್ನೂ ಬಿಡದಿರುವುದು. ಅದರಲ್ಲೂ ಪ್ರಾಯೋಗಿಕ ಪರೀಕ್ಷೆ. ಅಲ್ಲಿ ಜಾಣ ಹುಡುಗರು ಅಂಕ ಕಳೆದುಕೊಳ್ಳುವುದೇ ಇಲ್ಲ ಎಂದು ನಾವೆಲ್ಲ ನಂಬಿದ್ದೆವು.

ಆ ವರ್ಷ ದ್ವಿತೀಯ ಪಿಯುಸಿಯಲ್ಲಿ ಹೊಸಬಾಳೆಯ ವೀರೇಶ ಎಂಬ ಹುಡುಗನಿದ್ದ. ತೆಳ್ಳಗೆ, ಎತ್ತರಕ್ಕಿದ್ದ. ಪ್ರಶ್ನೆ ಕೇಳಿದರೆ ಉತ್ತರ ಹೇಳುವ ಮೊದಲು ಒಂದು ಕ್ಷಣ ಕಣ್ಣು ಮುಚ್ಚುತ್ತಿದ್ದ. ಅವನು ತಪ್ಪು ಹೇಳಿದ್ದನ್ನು ನಾನು ಕೇಳಿದ್ದು ಕಡಿಮೆ. ಅದುವರೆಗೆ ನಮ್ಮ ಕಾಲೇಜಿನಿಂದ ಯಾರೂ ಮೆಡಿಕಲ್ ಸೀಟು ಪಡೆದಿರಲಿಲ್ಲ. ಪ್ರಾಂಶುಪಾಲರು ಸ್ಟಾಫ್ ರೂಮಿನಲ್ಲಿ, "ಈ ಸಲ ವೀರೇಶ ಆಗ್ತಾನೆ ನೋಡಿ" ಎಂದು ಆಗಾಗ ಹೇಳುತ್ತಿದ್ದರು. ಅವನ ತಂದೆ ಶೇಖರಪ್ಪ ಆನವಟ್ಟಿಯಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟಿದ್ದರು, ಊರಲ್ಲಿ ಗದ್ದೆಯೂ ಇತ್ತು. ಬಸ್‌ಸ್ಟ್ಯಾಂಡಿನಲ್ಲಿ ನನ್ನನ್ನು ಕಂಡರೆ, "ನಮ್ಮ ಡಾಕ್ಟ್ರು ಹೆಂಗ್ ಓದ್ತಿದಾರೆ ಮೇಡಂ?" ಎಂದು ನಗುತ್ತಲೇ ಕೇಳುವರು. ನಗೆಯ ಹಿಂದೆ ಆತುರ ಇರುತ್ತಿತ್ತು.

ಜನವರಿಯಲ್ಲಿ ಲವಣಗಳ ವಿಶ್ಲೇಷಣೆ ಮಾಡಿಸುತ್ತಿದ್ದೆ. ಹುಡುಗರಿಗೆ ಹೆಸರು ಹೇಳದೆ ಒಂದು ಬಿಳಿ ಪುಡಿ ಕೊಡುತ್ತೇವೆ. ಅದರಲ್ಲಿ ಯಾವ ಲೋಹವಿದೆ ಎಂದು ಅವರು ಒಂದಾದ ಮೇಲೊಂದು ಪರೀಕ್ಷೆ ಮಾಡಿ ಕಂಡುಹಿಡಿಯಬೇಕು. ಫ್ಲೇಮ್ ಟೆಸ್ಟ್ ಅದರಲ್ಲೊಂದು. ಪುಡಿಯನ್ನು ಆಸಿಡ್‌ನಲ್ಲಿ ಕಲಸಿ ಗಾಜಿನ ಕಡ್ಡಿಯ ತುದಿಯಲ್ಲಿ ಬರ್ನರಿನ ಉರಿಗೆ ಹಿಡಿದರೆ, ಬೇರಿಯಂ ಇದ್ದರೆ ಜ್ವಾಲೆ ಎಳೆ ಹಸಿರಾಗುತ್ತದೆ, ಕ್ಯಾಲ್ಸಿಯಂ ಇದ್ದರೆ ಇಟ್ಟಿಗೆ ಕೆಂಪು. ಅಂದು ವೀರೇಶನಿಗೆ ಬೇರಿಯಂ ಲವಣ ಕೊಟ್ಟಿದ್ದೆ. ಅವನು ಕ್ಯಾಲ್ಸಿಯಂ ಎಂದು ಬರೆದ. ಮತ್ತೊಮ್ಮೆ ಮಾಡು ಎಂದೆ. ಅವನ ಪಕ್ಕದಲ್ಲೇ ನಿಂತಿದ್ದೆ. ಜ್ವಾಲೆ ಚೆಂದದ ಹಸಿರಾಯಿತು. "ಯಾವ ಬಣ್ಣ?" ಎಂದೆ. ಅವನು ಜ್ವಾಲೆ ನೋಡಲಿಲ್ಲ, ಎಡಗಡೆಯ ಖಾಲಿ ಜಾಗ ನೋಡಿದ. ಅದು ಅವನ ಗೆಳೆಯ ಮಂಜುನಾಥ ನಿಲ್ಲುವ ಜಾಗ. ಮಂಜುನಾಥ ಅವತ್ತು ಜ್ವರ ಬಂದು ರಜೆ ಹಾಕಿದ್ದ.

"ಇಟ್ಟಿಗೆ ಕೆಂಪು, ಮೇಡಂ" ಎಂದ ವೀರೇಶ.

ಉಳಿದವರನ್ನು ಕಳಿಸಿ ಅವನನ್ನು ನಿಲ್ಲಿಸಿಕೊಂಡೆ. ಎರಡು ಪ್ರನಾಳಗಳಲ್ಲಿ ಬೇರೆ ಬೇರೆ ಬಣ್ಣದ ದ್ರಾವಣ ಹಾಕಿ ಕೇಳಿದೆ. ಎರಡರಲ್ಲೂ ತಡವರಿಸಿದ. ಆಮೇಲೆ ತಲೆ ತಗ್ಗಿಸಿ ತಾನೇ ಹೇಳಿದ.

"ನಂಗೆ ಕೆಂಪು, ಹಸ್ರು ಎರಡೂ ಒಂದೇ ಥರ ಕಾಣ್ತವೆ ಮೇಡಂ. ಮಂಜ ಮೆಲ್ಲಗೆ ಹೇಳಿಕೊಡ್ತಾನೆ. ಹೈಸ್ಕೂಲಲ್ಲಿ ಮ್ಯಾಪಿಗೆ ಬಣ್ಣ ಹಚ್ಚೋವಾಗಿಂದ್ಲೂ ಅವ್ನೇ."

"ಮನೇಲಿ ಗೊತ್ತಾ?"

"ಅಪ್ಪಂಗೆ ಗೊತ್ತಾದ್ರೆ ಡಾಕ್ಟ್ರು ಓದ್ಸಲ್ಲ ಅಂತಾರೇನೋ ಅಂತ ಹೇಳ್ಲಿಲ್ಲ."

ಮಾರನೇ ವಾರ ಮಂಜುನಾಥ ತಾನಾಗಿ ನನ್ನ ಹತ್ತಿರ ಬಂದ. ಅವನ ಪ್ರಶ್ನೆ ಒಂದೇ. "ನಾನ್ ಹೇಳ್ಕೊಟ್ಟಿದ್ದು ಕಾಪಿ ಹೊಡ್ಸಿದಂಗಾ ಮೇಡಂ?" ಪರೀಕ್ಷೆಯಲ್ಲಿ ಹಾಗೆ ಮಾಡಿದರೆ ಇಬ್ಬರನ್ನೂ ಡಿಬಾರ್ ಮಾಡುತ್ತಾರೆ ಎಂದೆ. ಅವನ ಕಣ್ಣಲ್ಲಿ ನೀರು ಬಂತು. ಗೆಳೆಯನ ಕಣ್ಣಿನ ಕೆಲಸವನ್ನು ಇಷ್ಟು ವರ್ಷ ಮಾಡಿದವನಿಗೆ ಅದಕ್ಕಿಂತ ಮೃದುವಾಗಿ ಹೇಳಲು ನನಗೆ ಮಾತು ಸಿಗಲಿಲ್ಲ.

ಮನೆಯವರಿಗೆ ತಿಳಿಸದೆ ಇರುವಂತಿರಲಿಲ್ಲ. ವೀರೇಶನನ್ನು ಒಪ್ಪಿಸಿ ಅವನ ತಂದೆ ತಾಯಿಯನ್ನು ಕಾಲೇಜಿಗೆ ಕರೆಸಿದೆ. ಶೇಖರಪ್ಪ ನಂಬಲೇ ಇಲ್ಲ. "ಕಣ್ಣು ಚೆನ್ನಾಗಿಲ್ದೆ ಇಷ್ಟ್ ಮಾರ್ಕ್ಸ್ ಹೆಂಗ್ ತಗೀತಾನ್ರಿ?" ಎಂದರು. ತಾಯಿ ಗಿರಿಜಮ್ಮ ಮಾತ್ರ, "ಸಣ್ಣೋನಿದ್ದಾಗ ಹಣ್ಣು ಮೆಣಸಿನಕಾಯಿ ಬಿಡಿಸ್ಕಂಡ್ ಬಾ ಅಂದ್ರೆ ಕಾಯಿನೂ ಬಿಡಿಸ್ಕಂಡ್ ಬರ್ತಿದ್ದ. ಸೋಮಾರಿ ಅಂತ ಬಯ್ತಿದ್ದೆ" ಎಂದರು.

ಒಂದು ಶನಿವಾರ ನಾವು ನಾಲ್ವರೂ ಶಿವಮೊಗ್ಗದ ಕಣ್ಣಿನ ವೈದ್ಯರೊಬ್ಬರ ಬಳಿ ಹೋದೆವು. ವೈದ್ಯರು ಬಣ್ಣದ ಚುಕ್ಕೆಗಳಿದ್ದ ಪುಸ್ತಕ ತೆರೆದರು. ಚುಕ್ಕೆಗಳ ನಡುವೆ ಬೇರೆ ಬಣ್ಣದ ಚುಕ್ಕೆಗಳಲ್ಲಿ ಅಂಕಿ ಬರೆದಿರುತ್ತದೆ. ಒಂದೊಂದೇ ಹಾಳೆ ತಿರುವಿದರು. ನನಗೆ, ಶೇಖರಪ್ಪನವರಿಗೆ, ಅಕ್ಷರ ಅಷ್ಟಾಗಿ ಬಾರದ ಗಿರಿಜಮ್ಮನಿಗೂ ಅಂಕಿ ಎದ್ದು ಕಾಣುತ್ತಿತ್ತು. ವೀರೇಶ, "ಏನೂ ಇಲ್ಲ ಸರ್, ಬರೀ ಚುಕ್ಕೆ" ಎನ್ನುತ್ತಾ ಹೋದ. ಶೇಖರಪ್ಪ ಎದ್ದು ನಿಂತು ಪುಸ್ತಕದ ಮೇಲೆ ಬೆರಳಿಟ್ಟು ಅಂಕಿಯ ಗೆರೆ ಎಳೆದು ತೋರಿಸಿದರು. "ಇಲ್ಲಿ ನೋಡಾ, ಇಲ್ಲಿ!" ಎಂದರು. ಹುಡುಗ ತಂದೆಯ ಬೆರಳನ್ನೇ ನೋಡುತ್ತಿದ್ದ.

ಇದು ಬಣ್ಣಗುರುಡು, ಹುಟ್ಟಿನಿಂದ ಬಂದದ್ದು, ಔಷಧಿಯಿಲ್ಲ, ಇದರಿಂದ ಕಣ್ಣು ಹೋಗುವುದೂ ಇಲ್ಲ ಎಂದು ವೈದ್ಯರು ವಿವರಿಸಿದರು. ಕೆಲವು ಕೋರ್ಸುಗಳಿಗೆ ಸೇರಿಸಿಕೊಳ್ಳುವುದಿಲ್ಲ. ಮೆಡಿಕಲ್‌ಗೆ ಏನು ಹೇಳುತ್ತಾರೋ ಅದು ಪ್ರವೇಶದ ಸಮಯದಲ್ಲಿ ದೇಹ ಪರೀಕ್ಷೆ ಮಾಡುವವರಿಗೆ ಬಿಟ್ಟದ್ದು, ತಾನು ಖಚಿತವಾಗಿ ಹೇಳಲಾರೆ ಎಂದರು. ಆಮೇಲೆ ಗಿರಿಜಮ್ಮನ ಕಡೆ ತಿರುಗಿ, "ನಿಮ್ಮ ತವರಿನ ಗಂಡಸರಲ್ಲಿ ಯಾರಿಗಾದರೂ ಹೀಗಿತ್ತಾ?" ಎಂದು ಕೇಳಿದರು.

ಗಿರಿಜಮ್ಮನ ತಮ್ಮ ಹಿಂದೆ ಬಸ್ ಡ್ರೈವರ್ ಕೆಲಸಕ್ಕೆ ಹೋಗಿ ಕಣ್ಣಿನ ಪರೀಕ್ಷೆಯಲ್ಲಿ ಫೇಲಾಗಿ ವಾಪಸು ಬಂದಿದ್ದರಂತೆ. ಅದನ್ನು ಹೇಳುತ್ತಾ ಹೇಳುತ್ತಾ ಅವರ ದನಿ ಸಣ್ಣದಾಯಿತು. ಇದು ತಾಯಿಯ ಮೂಲಕ ಗಂಡುಮಕ್ಕಳಿಗೆ ಬರುತ್ತದೆ, ತಾಯಿಗೆ ಸ್ವತಃ ಏನೂ ಇರುವುದಿಲ್ಲ, ಮಗಳಿದ್ದರೆ ಅವಳ ಗಂಡುಮಕ್ಕಳಿಗೂ ಹೋಗಬಹುದು, ಇದರಲ್ಲಿ ಯಾರ ತಪ್ಪೂ ಇಲ್ಲ ಎಂದು ವೈದ್ಯರು ಹೇಳಿದರು. ಆದರೆ ಕೊನೆಯ ಮಾತು ಯಾರ ಕಿವಿಗೂ ಬಿದ್ದಂತೆ ಕಾಣಲಿಲ್ಲ.

ಬಸ್‌ಸ್ಟ್ಯಾಂಡಿನಲ್ಲಿ ಶೇಖರಪ್ಪ ಹೆಂಡತಿಗೆ ಕೇಳಿದರು. "ನಿನ್ ತಮ್ಮನ ಕಣ್ಣು ನನ್ ಮಗಂಗೆ ಯಾಕೆ ಬಂತೇ?"

ನಾನು ಏನೋ ಹೇಳಲು ಹೋದೆ. ವೀರೇಶ ನನಗಿಂತ ಮೊದಲು, "ಅಪ್ಪ, ಅವ್ವಂಗೆ ಏನೂ ಅನ್ಬ್ಯಾಡ" ಎಂದ. ಶಿಕಾರಿಪುರದಲ್ಲಿ ನಾನು ಇಳಿಯುವಾಗ ಗಿರಿಜಮ್ಮ ಸೀಟಿನಿಂದ ಎದ್ದು ಬಂದು ನನ್ನ ಕೈ ಹಿಡಿದರು. ವೀರೇಶನ ಅಕ್ಕ ಸುಮಂಗಲಾಗೆ ಆಗ ಗಂಡು ನೋಡುತ್ತಿದ್ದರು. "ಮಗ್ಳ ಸಂಬಂಧ ಮಾತಾಡ್ತಿದೀವಿ. ಯಾರ ಹತ್ರನೂ ಬಾಯಿ ಬಿಡ್ಬ್ಯಾಡ್ರಿ ಮೇಡಂ" ಎಂದರು. ಹ್ಞೂಂ ಎಂದೆ. ಹುಡುಗನ ಓದಿನ ವಿಷಯ ಎಂದುಕೊಂಡು ಹೊರಟಿದ್ದೆ, ಅದು ಒಂದು ಮನೆಯ ಒಳಕೋಣೆಯವರೆಗೆ ಹೋಗಿತ್ತು.

ಪರೀಕ್ಷೆಗೆ ಹೆಚ್ಚು ದಿನ ಇರಲಿಲ್ಲ. ಕಾಲೇಜು ಬಿಟ್ಟ ಮೇಲೆ ವೀರೇಶನಿಗೆ ಪ್ರಯೋಗಾಲಯ ತೆರೆದಿಟ್ಟೆ. ಬಣ್ಣ ನೋಡದೆ ಲೋಹ ಪತ್ತೆ ಮಾಡುವ ದಾರಿಗಳಿವೆ. ಲವಣದ ದ್ರಾವಣಕ್ಕೆ ಕ್ಯಾಲ್ಸಿಯಂ ಸಲ್ಫೇಟ್ ದ್ರಾವಣ ಹಾಕಿದರೆ, ಬೇರಿಯಂ ಇದ್ದಲ್ಲಿ ತಕ್ಷಣ ಬಿಳಿ ಒತ್ತರ, ಅಂದರೆ ತಳಕ್ಕಿಳಿಯುವ ಬಿಳಿ ಪುಡಿ, ಬೀಳುತ್ತದೆ, ಸ್ಟ್ರಾನ್ಷಿಯಂ ಇದ್ದರೆ ಸ್ವಲ್ಪ ತಡವಾಗಿ, ಕ್ಯಾಲ್ಸಿಯಂ ಇದ್ದರೆ ಇಲ್ಲವೇ ಇಲ್ಲ. ಇದನ್ನು ಕಲಿತ ದಿನ ಹುಡುಗ ಬಹಳ ಕಾಲದ ಮೇಲೆ ನಕ್ಕ. ಪರ್ಮಾಂಗನೇಟ್ ದ್ರಾವಣವನ್ನು ಹನಿಹನಿಯಾಗಿ ಬಿಟ್ಟು ಅಳೆಯುವ ಟೈಟ್ರೇಶನ್ನಿನಲ್ಲಿ ಕೊನೆಗೆ ಬರುವ ತೆಳು ಗುಲಾಬಿ ಬಣ್ಣ ಅವನಿಗೆ ದಕ್ಕಲಿಲ್ಲ. ಪಕ್ಕದಲ್ಲಿ ನೀರಿನ ಫ್ಲಾಸ್ಕ್ ಇಟ್ಟು, ಇದು ಅದಕ್ಕಿಂತ ಮಂಕಾದಾಗ ನಿಲ್ಲಿಸು ಎಂದು ಅಭ್ಯಾಸ ಮಾಡಿಸಿದೆ. ಕೆಲವು ಸಲ ಸರಿ ಬರುತ್ತಿತ್ತು, ಕೆಲವು ಸಲ ಮುಂದೆ ಹೋಗಿಬಿಡುತ್ತಿತ್ತು.

ಒಂದು ಸಂಜೆ ಅವನು ಕೇಳಿದ. "ಮೇಡಂ, ಸಲ್ಫೇಟ್ ಟೆಸ್ಟಲ್ಲಿ ಬೇರಿಯಂ ಅಂತ ಗೊತ್ತಾದ್ಮೇಲೆ, ಫ್ಲೇಮ್ ಟೆಸ್ಟಿನ ಎದ್ರಿಗೆ ಹಸಿರು ಅಂತ ಬರೀಲಾ? ಪುಸ್ತಕದಲ್ಲಿ ಹಂಗೇ ಐತಲ್ಲ."

ಆ ಕಾಲಮ್ಮಿನ ಹೆಸರು ಅಬ್ಸರ್ವೇಶನ್. ನೋಡಿದ್ದನ್ನು ಬರೆಯುವ ಜಾಗ. ಅವನು ಬರೆದರೆ ಯಾರಿಗೂ ಗೊತ್ತಾಗುವುದಿಲ್ಲ ಎಂಬುದು ನನಗೆ ಗೊತ್ತಿತ್ತು. "ಕಂಡಿದ್ದನ್ನ ಬರೀಬೇಕು ವೀರೇಶ. ಕಾಣದೇ ಇರೋದನ್ನ ಕಂಡೆ ಅಂತ ಬರಿ ಅಂತ ನಾನು ಹೇಳಲಾರೆ" ಎಂದೆ. ಅವನು ತಲೆಯಾಡಿಸಿ ಪ್ರನಾಳ ತೊಳೆಯತೊಡಗಿದ.

ಪರೀಕ್ಷಕರಿಗೆ ಮೊದಲೇ ತಿಳಿಸಿ ಬೇರೆ ವ್ಯವಸ್ಥೆ ಕೇಳೋಣ ಎಂದು ಪ್ರಾಂಶುಪಾಲರ ಬಳಿ ಹೋದೆ. ಅವರು ಒಳ್ಳೆಯವರೇ, ಆದರೆ ಹೆದರಿದರು. "ಹೀಗೊಂದು ಕೇಸಿದೆ ಅಂತ ನಾವೇ ಬರೆದು ಕೊಟ್ಟರೆ ನಾಳೆ ಸೀಟಿನ ಹೊತ್ತಿಗೆ ಅದೇ ಅಡ್ಡ ಬರುತ್ತೆ. ಜೊತೆಗೆ, ಕೊಡೋದಕ್ಕೆ ನಿಯಮ ಎಲ್ಲಿದೆ? ಸುಮ್ಮನಿರಿ. ಅವನು ಜಾಣ, ಹೇಗೋ ಬರೀತಾನೆ" ಎಂದರು. ಅವರ ಮಾತಿನಲ್ಲಿ ಅರ್ಥವಿರಲಿಲ್ಲ ಎಂದು ಇಂದಿಗೂ ಹೇಳಲಾರೆ.

ಪ್ರಾಯೋಗಿಕ ಪರೀಕ್ಷೆಗೆ ಹೊರಗಿನ ಕಾಲೇಜಿನಿಂದ ಹಿರಿಯ ಪರೀಕ್ಷಕರೊಬ್ಬರು ಬಂದರು. ನಾನು ಒಳ ಪರೀಕ್ಷಕಿ. ಲವಣಗಳ ಪೊಟ್ಟಣಗಳನ್ನು ಅವರೇ ಹಂಚಿದರು. ವೀರೇಶನಿಗೆ ಬಂದದ್ದು ಬೇರಿಯಂ. ದೂರದಿಂದ ಅವನ ಪ್ರನಾಳದಲ್ಲಿ ಬಿಳಿ ಒತ್ತರ ಬಿದ್ದದ್ದು ಕಂಡಿತು, ಮನಸ್ಸು ಹಗುರಾಯಿತು. ಪಕ್ಕದ ಮೇಜಿನಲ್ಲಿದ್ದ ಮಂಜುನಾಥ ತಲೆಯನ್ನೇ ಎತ್ತದೆ ಕೆಲಸ ಮಾಡುತ್ತಿದ್ದ.

ಪರೀಕ್ಷಕರು ವೀರೇಶನ ಉತ್ತರ ಪತ್ರಿಕೆ ನೋಡಿ ಹುಬ್ಬು ಗಂಟಿಕ್ಕಿದರು. "ಉತ್ತರ ಸರಿ ಇದೆ. ಫ್ಲೇಮ್ ಟೆಸ್ಟ್ ಎದುರಿಗೆ ಯಾಕೆ ಖಾಲಿ ಬಿಟ್ಟಿದ್ದೀಯ?"

"ಮಾಡಿದೆ ಸರ್. ಬಣ್ಣ ತಿಳೀಲಿಲ್ಲ."

"ಬೇರಿಯಂ ಯಾವ ಬಣ್ಣ ಕೊಡುತ್ತೆ ಗೊತ್ತಿಲ್ವಾ?"

"ಗೊತ್ತು ಸರ್. ಎಳೆ ಹಸಿರು. ನಂಗೆ ಕಾಣಲ್ಲ ಸರ್."

ಉಳಿದ ಹುಡುಗರೂ ಕೇಳಿಸಿಕೊಂಡರು. ಪರೀಕ್ಷಕರು ನನ್ನ ಕಡೆ ನೋಡಿದರು. ನಾನು ಹೌದೆಂದೆ. ಅವರು ಹುಡುಗನ ಬೆನ್ನು ತಟ್ಟಿದರು, ಆಮೇಲೆ ಕೋಣೆಯ ಮೂಲೆಯಲ್ಲಿ ನನಗೆ ಹೇಳಿದರು. "ಅಂಕ ಹಂಚುವ ಸ್ಕೀಮಿನಲ್ಲಿ ಫ್ಲೇಮ್ ಟೆಸ್ಟಿಗೆ ಬೇರೆ ಅಂಕ ಇದೆ ಮೇಡಂ. ಖಾಲಿ ಜಾಗಕ್ಕೆ ನಾನು ಅಂಕ ಹೇಗೆ ಕೊಡ್ಲಿ?" ವಾದಿಸಿದೆ. ಉತ್ತರ ಸರಿಯಿದೆ, ವಿಧಾನ ಸರಿಯಿದೆ ಎಂದೆ. ಅವರು ಬೇಸರದಿಂದಲೇ ತಲೆ ಅಲ್ಲಾಡಿಸಿದರು. ಟೈಟ್ರೇಶನ್ನಿನಲ್ಲೂ ಅವನ ಅಳತೆ ಮುಂದೆ ಹೋಗಿತ್ತು, ಅಲ್ಲೂ ಅಂಕ ಹೋಯಿತು.

ಫಲಿತಾಂಶ ಬಂದಾಗ ವೀರೇಶ ಕಾಲೇಜಿಗೆ ಮೊದಲಿಗ. ರಸಾಯನಶಾಸ್ತ್ರದಲ್ಲಿ ಮಾತ್ರ ಉಳಿದ ವಿಷಯಗಳಿಗಿಂತ ಕಡಿಮೆ. ಸಿಇಟಿಯಲ್ಲೂ ಕೆಟ್ಟದೇನೂ ಮಾಡಿರಲಿಲ್ಲ. ಬೆಂಗಳೂರಿನ ಕೌನ್ಸೆಲಿಂಗ್‌ಗೆ ತಂದೆಯ ಜೊತೆ ಹೋದ. ಅವನ ಸರದಿ ಬರುವ ಮೊದಲೇ ಮೆಡಿಕಲ್ ಸೀಟುಗಳು ಮುಗಿದಿದ್ದವು. ಕಣ್ಣಿನ ಮಾತು ಅಲ್ಲಿಯವರೆಗೆ ಬರಲೇ ಇಲ್ಲ. ಕಳೆದುಹೋದ ಆ ಅಂಕಗಳು ಇದ್ದಿದ್ದರೆ ಸಿಗುತ್ತಿತ್ತೇ? ಸಿಗುತ್ತಿತ್ತು ಎಂದು ಶೇಖರಪ್ಪ ನಂಬಿದರು. ಕಾಣದ್ದನ್ನು ಬರೆಯಬೇಡ ಎಂದವಳು ನಾನೇ ಎಂದು ತಿಳಿದು, ನನ್ನನ್ನು ನೋಡಿದರೆ ಮಾತಾಡಿಸುವುದನ್ನು ಬಿಟ್ಟರು. ವೀರೇಶ ಸಿವಿಲ್ ಎಂಜಿನಿಯರಿಂಗ್ ಸೀಟು ತೆಗೆದುಕೊಂಡ.

ಟಿಸಿ ಒಯ್ಯಲು ಬಂದಾಗ ಪ್ರಯೋಗಾಲಯದ ಬಾಗಿಲಲ್ಲಿ ನಿಂತ. ನನಗೆ ಕೇಳದೆ ಇರಲಾಗಲಿಲ್ಲ. "ಹಸಿರು ಅಂತ ಬರೆದುಬಿಡಬೇಕಿತ್ತು ಅನ್ಸುತ್ತಾ?"

ಅವನು ಯೋಚಿಸಿ ಹೇಳಿದ. "ಒಂದೊಂದ್ ದಿನ ಅನ್ಸುತ್ತೆ ಮೇಡಂ. ಅಪ್ಪನ ಮುಖ ನೋಡಿದ್ ದಿನ. ಆದ್ರೆ ಅವತ್ತು ಎಲ್ರ ಎದ್ರಿಗೆ ಹೇಳಿದ್ಮೇಲೆ ಮಂಜನ ಪಕ್ಕದಲ್ಲೇ ನಿಲ್ಬೇಕು ಅನ್ನೋ ಹೆದ್ರಿಕೆ ಹೋಯ್ತು."

ನಾನು ಕೊಟ್ಟ ಸಲಹೆ ಸರಿ ಎಂದೇ ಇಂದಿಗೂ ನಂಬುತ್ತೇನೆ. ಆದರೆ ಅದರ ಬೆಲೆಯನ್ನು ತೆತ್ತದ್ದು ನಾನಲ್ಲ. ಮುಂದಿನ ವರ್ಷದಿಂದ ಪ್ರಥಮ ಪಿಯುಸಿಯ ಮೊದಲ ಪ್ರಯೋಗ ತರಗತಿಯಲ್ಲೇ ಒಬ್ಬೊಬ್ಬರನ್ನಾಗಿ ಕರೆದು ಬಣ್ಣ ತೋರಿಸಿ ಕೇಳುವ ರೂಢಿ ಇಟ್ಟುಕೊಂಡೆ. ಹೆಚ್ಚುಕಮ್ಮಿ ಪ್ರತಿ ವರ್ಷವೂ ಒಬ್ಬ ಹುಡುಗ ತಡವರಿಸುತ್ತಿದ್ದ. ಎರಡು ವರ್ಷ ಮುಂಚೆ ತಿಳಿದರೆ ಅಭ್ಯಾಸಕ್ಕೂ ಸಮಯ ಸಿಗುತ್ತದೆ, ಬೇರೆ ದಾರಿ ಯೋಚಿಸಲಿಕ್ಕೂ ಸಿಗುತ್ತದೆ. ಹುಡುಗರ ಅವಕಾಶವನ್ನು ನಾವು ಅವರ ಅಂಕಪಟ್ಟಿಯಲ್ಲಿ ಹುಡುಕುತ್ತೇವೆ. ಅವರು ಏನನ್ನು ಮುಚ್ಚಿಟ್ಟುಕೊಂಡು ಓದುತ್ತಿದ್ದಾರೆ ಎಂದು ಮೊದಲು ಕೇಳಬೇಕು ಎಂಬುದನ್ನು ನನ್ನ ಕೆಲಸ ನನಗೆ ಕಲಿಸಿದ್ದು ಹೀಗೆ, ತಡವಾಗಿ.

ಕೆಲವು ವರ್ಷಗಳ ಮೇಲೆ, ನನಗೆ ವರ್ಗಾವಣೆಯಾಗುವ ಹೊತ್ತಿಗೆ, ಆನವಟ್ಟಿಯ ಸಂತೆಯಲ್ಲಿ ಗಿರಿಜಮ್ಮ ಸಿಕ್ಕಿದರು. ಸುಮಂಗಲಾಗೆ ಮದುವೆಯಾಗಿ ಗಂಡು ಮಗುವಾಗಿತ್ತು. ಮಗು ಅವರ ಸೊಂಟದ ಮೇಲಿತ್ತು. ಆಚೀಚೆ ನೋಡಿ ದನಿ ತಗ್ಗಿಸಿ ಕೇಳಿದರು. "ಇವಂಗೂ ಹಂಗೇ ಐತಾ ಅಂತ ಯಾವಾಗ ಗೊತ್ತಾಗುತ್ತೆ ಮೇಡಂ?"

"ಬಣ್ಣದ ಹೆಸರು ಹೇಳೋಕೆ ಬಂದ ಮೇಲೆ ಗೊತ್ತಾಗುತ್ತಮ್ಮ. ಇರಬಹುದು, ಇಲ್ಲದೇನೂ ಇರಬಹುದು."

ಗಿರಿಜಮ್ಮ ಮಗುವಿನ ಮುಖ ಒರೆಸಿದರು. "ಇದ್ರೆ ಇರ್ಲಿ ಬಿಡ್ರಿ. ಮಗ್ಳಿಗೆ ಎಲ್ಲಾ ಹೇಳೀನಿ, ಅಳಿಯಂಗೂ ಹೇಳು ಅಂದೀನಿ. ಈ ಕೂಸು ಯಾರ ಹತ್ರನೂ ಕದ್ದುಮುಚ್ಚಿ ಬಣ್ಣ ಕೇಳಬಾರ್ದು" ಎಂದರು.