ಮೂರು ಸಲ ಹೇಳಬೇಕಾಗಿದ್ದ ಮಾತು

ಚಹಾ ಆರಿಹೋಗುತ್ತದೆ ಎಂದು ಯಾರಾದರೂ ಅವಸರಪಡಿಸಿದರೆ, ಓದುಗ ಮಿತ್ರರೆ, ಇಂದಿಗೂ ನನ್ನ ಎದೆ ಅಳುಕುತ್ತದೆ. ಕಪ್ಪಿನಿಂದ ಬಸಿ ತಟ್ಟೆಗೆ ಹೊಯ್ದ ಚಹಾದ ಹಬೆಯಲ್ಲಿ ಇಂಡಿ ಎಂಬ ಊರಿನ ಒಂದು ಮಧ್ಯಾಹ್ನ ಕಾಣುತ್ತದೆ.

ಎಪ್ಪತ್ತರ ದಶಕ. ಮೆಟ್ರಿಕ್ ಮುಗಿಸಿದ ನಾನು ಇಂಡಿಯ ಕಚೇರಿಯೊಂದರಲ್ಲಿ ವೈರ್‌ಲೆಸ್ ಆಪರೇಟರ್. ಗೆಳೆಯ ರಾಜೇಸಾಬ ಮುದ್ದೇಬಿಹಾಳದಲ್ಲಿ ಅದೇ ಕೆಲಸದವನು. ನಡುವಿನ ಬಯಲಿನಲ್ಲಿ ದನಿ ಒಮ್ಮೆ ತೇಲುತ್ತಿತ್ತು, ಒಮ್ಮೆ ಮುಳುಗುತ್ತಿತ್ತು. ಅದಕ್ಕೆಂದೇ ನಾವೊಂದು ಕಟ್ಟಳೆ ಮಾಡಿಕೊಂಡಿದ್ದೆವು: ಒಂದೇ ಮಾತನ್ನು ನಡುವೆ ಬಿಡುವು ಕೊಟ್ಟು ಮೂರು ಸಲ ಹೇಳುವುದು, ಕೇಳಿದವನು ಅದನ್ನು ತಿರುಗಿ ಒಪ್ಪಿಸುವುದು. ಮೊದಲ ಸಲ ಮುಳುಗಿದ ಅಕ್ಷರ ಎರಡನೆಯ ಸಲ ತೇಲಿ ಬರುತ್ತಿತ್ತು. "ನಿಂದೇನಲೇ ಇದು, ಗಿಳಿಪಾಠ?" ಎಂದು ರಾಜೇಸಾಬ ನಗುತ್ತಿದ್ದ, ಆದರೂ ತಪ್ಪದೆ ಒಪ್ಪಿಸುತ್ತಿದ್ದ.

ಆ ದಿನ, ಇಂಡಿಯಲ್ಲಿದ್ದ ಅವನ ತಾಯಿಗೆ ಉಸಿರು ಕಟ್ಟುತ್ತಿದೆಯೆಂದು ನೆರೆಯವರು ಓಡಿಬಂದರು. "ನಿಮ್ಮವ್ವಗ ಭಾಳ ಜಡ್ಡಾಗೇತಿ, ಲಗೂನ ಬಾ" ಎಂದು ಒಂದು ಸಲ ಹೇಳಿದೆ. ಆಚೆಯಿಂದ ಬರೀ ಗರಗರ. ಅದರೊಳಗೊಂದು 'ಹಾಂ' ಕೇಳಿದಂತಾಯಿತು. ಅಷ್ಟರಲ್ಲಿ ಚಹಾ ಬಂತು. "ಆರತೈತ್ರಿ, ಕುಡೀರಿ" ಎಂದ ಜವಾನ. ಸಂದೇಶಗಳ ದಾಖಲೆ ವಹಿಯಲ್ಲಿ 'ಮುಟ್ಟಿತು' ಎಂದು ಬರೆದು ಬಸಿ ಎತ್ತಿಕೊಂಡೆ.

ಮುಟ್ಟಿರಲಿಲ್ಲ. ಮರುದಿನ ಬೇರೆಯವರಿಂದ ತಿಳಿದು ರಾಜೇಸಾಬ ಬರುವಷ್ಟರಲ್ಲಿ ಅವ್ವ ಮಣ್ಣಾಗಿದ್ದಳು. ಕೊನೆಯವರೆಗೂ ಬಾಗಿಲ ಕಡೆಗೇ ನೋಡುತ್ತಿದ್ದಳಂತೆ. "ಹವಾನ ಕೆಟ್ಟಿತ್ತು ಬಿಡೋ, ನೀ ಏನ ಮಾಡ್ತಿ" ಎಂದು ಅವನೇ ನನ್ನ ಹೆಗಲ ಮೇಲೆ ಕೈಯಿಟ್ಟು ಸಂತೈಸಿದ. ಒಂದೇ ಸಲ ಹೇಳಿ ಬಿಟ್ಟಿದ್ದನ್ನು ನಾನು ಮುಚ್ಚಿಟ್ಟೆ. ಪಾಪ, ಆ ಗಾಳಿ ನನ್ನ ತಪ್ಪನ್ನು ಇಷ್ಟು ವರ್ಷ ಹೊತ್ತು ತಿರುಗಿತು.

ಈಗ ಒಂದೇ ಮಾತನ್ನು ಹತ್ತಾರು ತರಂಗಗಳ ಮೇಲೆ ಹರಡಿ ಕಳಿಸುತ್ತಾರಂತೆ. ಕೆಲವು ದಾರಿ ಮಸುಕಾದರೂ ಉಳಿದವುಗಳಿಂದ ಮಾತು ಮತ್ತೆ ಕೂಡಿಕೊಳ್ಳುತ್ತದಂತೆ. ಯಂತ್ರಕ್ಕೆ ಅಷ್ಟು ತಾಳ್ಮೆ ಕಲಿಸಿದವರು ಪುಣ್ಯವಂತರು. ನನಗೆ ಉಳಿದದ್ದು ಒಂದೇ ದಾರಿ, ಅದೂ ಬಸ್ಸಿನದು. ಮೊನ್ನೆ ಮುದ್ದೇಬಿಹಾಳಕ್ಕೆ ಹೋದೆ.

ರಾಜೇಸಾಬನ ಕಿವಿ ಈಗ ಮಂದ. ಚಹಾ ಮುಂದಿಟ್ಟುಕೊಂಡು, "ಅವತ್ತ ಹವಾದ್ದು ತಪ್ಪಲ್ಲೋ, ನಂದು. ಒಂದ ಸಲ ಹೇಳಿ ಬಿಟ್ಟೆ" ಎಂದೆ. ಅವನು ಕೇಳಿಸದವನಂತೆ ನನ್ನ ಮುಖ ನೋಡಿದ. ಮತ್ತೆ ಹೇಳಿದೆ. ಕಿವಿಗೆ ಕೈ ಹಿಡಿದ. ಮೂರನೆಯ ಸಲ ಹೇಳುವಾಗ ನನ್ನ ದನಿಯೇ ಮುಳುಗಿತು.

ಆಗ ಅವನು ಒಪ್ಪಿಸಿದ: "ಹವಾದ್ದು ತಪ್ಪಲ್ಲ, ನಿಂದು. ಒಂದ ಸಲ ಹೇಳಿ ಬಿಟ್ಟಿ." ಕಣ್ಣೊರೆಸಿಕೊಂಡು ನಕ್ಕ. "ನೀ ಈಗ ಹೇಳಿದ್ದು ಮೊದಲನೇ ಸಲಕ್ಕನ ಮುಟ್ಟಿತ್ತಲೇ. ಮೂರೂ ಸಲ ಹೇಳ್ತಿಯೋ ಇಲ್ಲೋ ಅಂತ ನೋಡಿದೆ."

ಚಹಾ ಪೂರ್ತಿ ಆರಿತ್ತು. ಬಿಸಿ ಮಾಡಿಸೋಣ ಎಂದು ಇಬ್ಬರೂ ಅನ್ನಲಿಲ್ಲ. ಹಾಗೆಯೇ ಬಸಿಗೆ ಹೊಯ್ದುಕೊಂಡು, ನಿಧಾನವಾಗಿ ಕುಡಿದೆವು.