ಎಣಿಕೆ ತಪ್ಪದ ಗಡಿಯಾರ

ಎಂಬತ್ತರ ದಶಕದಲ್ಲಿ, ಸಾಗರದಲ್ಲಿ ನಾನು ಟೈಪಿಂಗ್ ಕಲಿಸುತ್ತಿದ್ದ ಸಂಸ್ಥೆಯಲ್ಲೇ ಎಲೆಕ್ಟ್ರಾನಿಕ್ಸ್ ಮೇಷ್ಟ್ರೊಬ್ಬರಿದ್ದರು. ಹೊಸನಗರದ ರಸ್ತೆಯ ಬಾಡಿಗೆ ಕೋಣೆಯಲ್ಲಿ ಒಬ್ಬರೇ ಇದ್ದರು. ಮೇಜಿನ ಮೇಲೆ ಮೈಕ್ರೋಪ್ರೊಸೆಸರ್ ಕಿಟ್ ಒಂದು, ಅಂದರೆ ಕೀಗಳಿದ್ದ ಪುಟ್ಟ ಕಲಿಕೆಯ ಕಂಪ್ಯೂಟರ್, ಸದಾ ಬ್ಯಾಟರಿಯಲ್ಲಿ ಓಡುತ್ತ, ಕೆಂಪು ಅಂಕಿಗಳಲ್ಲಿ ಗಂಟೆ ತೋರಿಸುತ್ತಿತ್ತು. ಅದರೊಳಗೆ ಗಡಿಯಾರವೇ ಇರಲಿಲ್ಲ. ಅವರೇ ಬರೆದ ಪುಟ್ಟ ಆಪರೇಟಿಂಗ್ ಸಿಸ್ಟಂ ಪ್ರೊಸೆಸರ್‌ನ ಬಡಿತಗಳನ್ನು ಎಣಿಸಿ, ಇಷ್ಟು ಲಕ್ಷ ಬಡಿತಕ್ಕೆ ಒಂದು ಸೆಕೆಂಡ್ ಎಂದು ಲೆಕ್ಕ ಹಿಡಿಯುತ್ತಿತ್ತು.

ನಾನು ಬೆರಳು ಚಾಚಿದರೆ ಸಾಕು, "ಮುಟ್ಬೇಡ್ರೀ, ಟೈಮ್ ಹೋಗ್ತದೆ" ಎನ್ನುತ್ತಿದ್ದರು. ಯಾರಾದರೂ ಕೀ ಒತ್ತಿದರೆ ಅದು ಎಣಿಕೆ ಬಿಟ್ಟು ಒತ್ತಿದವರ ಕಡೆ ತಿರುಗುತ್ತಿತ್ತು. ಅಷ್ಟು ಹೊತ್ತು ಹಿಂದೆ ಬೀಳುತ್ತಿತ್ತು. ಸಂಜೆ ವಾರ್ತೆಗೆ ಮುಂಚೆ ರೇಡಿಯೋ ಪೀಪ್ ಎಂದಾಗ, ತೋರುಬೆರಳೆತ್ತಿ ತಾಳೆ ನೋಡುತ್ತಿದ್ದರು.

"ಮೂರ್ ಸೆಕೆಂಡ್ ಹಿಂದೆ! ನಾನಿಲ್ದಾಗ ಯಾರೋ ಬಂದಿದ್ರು" ಎಂದು ರೇಗಿ, ಸರಿಪಡಿಸುತ್ತಿದ್ದರು. ಬಾಗಿಲಿಗೆ ಬೀಗ ಮಾತ್ರ ಹಾಕುತ್ತಿರಲಿಲ್ಲ.

ಒಂದು ಬೇಸಿಗೆ ರಜೆ ತೀರ್ಥಹಳ್ಳಿಯಲ್ಲಿ ಕಳೆದು, ತಿಂಗಳಾದ ಮೇಲೆ ಮರಳಿದ ನಾನು ಸಂಜೆ ಅವರ ಕೋಣೆಗೆ ಹೋದೆ. ರೇಡಿಯೋ ಪೀಪ್ ಎಂದಿತು. ಅವರ ಬೆರಳು ಮೇಲೇಳಲಿಲ್ಲ. ಕೆಂಪು ಅಂಕಿಗಳು ಒಂದು ಸೆಕೆಂಡೂ ಆಚೀಚೆ ಇರಲಿಲ್ಲ.

"ಭಾರಿ ಸರಿಯಾಗಿದೆಯಲ್ಲ ಸಾರ್!" ಎಂದೆ.

"ಹ್ಞೂಂ. ರಜೆ ಪೂರ್ತಿ ಹಿಂಗೇ ಇದೆ ಮಾರಾಯ್ರೆ" ಎಂದು ಅವರು ರೇಡಿಯೋ ಆಫ್ ಮಾಡಿದರು.

ನಾನು ಒಂದು ಕೀ ಒತ್ತಿ ಹಿಡಿದೆ. ಅಂಕಿಗಳು ನಿಂತವು. ಮುಟ್ಟಬೇಡಿ ಎಂದು ಅವರು ಹೇಳಲಿಲ್ಲ. ಸ್ಟೂಲನ್ನು ಮೇಜಿನ ಹತ್ತಿರಕ್ಕೆ ಎಳೆದು, "ಕೂತ್ಕೊಂಡು ಒತ್ರಿ" ಎಂದರು.